ಇವತ್ತಿಗೂ ನಿನ್ನಿಗೂ ಫರಕಿಲ್ಲ

ಭಾಲ್ಕಿಯ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಮನೆ ಬೀದರದಲ್ಲಿ. ಬೆಳಗ್ಗೆ ಬಸ್ಸು ಹತ್ತಿ ಹೋಗುತ್ತೇನೆ, ಸಂಜೆ ಬಸ್ಸು ಹತ್ತಿ ಬರುತ್ತೇನೆ. ಒಂದೇ ಪಾಠವನ್ನು ಇಷ್ಟು ವರ್ಷ ಹೇಳಿದರೆ ಎರಡು ಸಂಗತಿ ಆಗುತ್ತವೆ. ಪಾಠ ತಾನಾಗಿಯೇ ಬಾಯಿಗೆ ಬರುತ್ತದೆ. ಹಾಗೆಯೇ, ಬಾಯಿಂದ ಬಂದದ್ದು ನಮ್ಮ ಕಿವಿಗೇ ಬೀಳುವುದು ನಿಂತುಹೋಗುತ್ತದೆ. ನನಗೆ ಎರಡೂ ಆಗಿದ್ದವು. ಎರಡನೆಯದು ಆಗಿದೆ ಎಂದು ಗೊತ್ತಾಗಲು ಮಾತ್ರ ತಡವಾಯಿತು.

ಎರಡನೇ ಪಿಯುಸಿಯವರಿಗೆ ಡೆರಿವೇಟಿವ್ ಮುಗಿಸಿ ಇಂಟಿಗ್ರಲ್ ಶುರುಮಾಡುವ ದಿನ ನಾನು ಪುಸ್ತಕ ತೆಗೆಯುವುದಿಲ್ಲ. ಕನ್ನಡ ಪುಸ್ತಕದಲ್ಲಿ ಇವಕ್ಕೆ ಅವಕಲನ, ಅನುಕಲನ ಎಂದು ಹೆಸರಿದೆ. ಆ ಹೆಸರು ಕೇಳಿದರೆ ಮಕ್ಕಳು ಇನ್ನಷ್ಟು ಹೆದರುತ್ತಾರೆ. ಲೆಕ್ಕ ಮಾಡಲು ಅವರಿಗೆ ಬರುತ್ತದೆ. ಸೂತ್ರ ಬಾಯಿಪಾಠ ಇರುತ್ತದೆ. ಇದು ಅಂದರೆ ಏನು, ಅದು ಅಂದರೆ ಏನು, ಎರಡಕ್ಕೂ ಇರುವ ವ್ಯತ್ಯಾಸ ಏನು ಎಂದು ಕೇಳಿದರೆ ಮಾತ್ರ ಇಡೀ ಕ್ಲಾಸು ಕಿಟಕಿಯ ಕಡೆ ನೋಡುತ್ತದೆ. ಅವರ ತಪ್ಪಲ್ಲ. ಪರೀಕ್ಷೆಯಲ್ಲಿ ಅರ್ಥಕ್ಕೆ ಅಂಕ ಇಲ್ಲ.

ಅರ್ಥ ಹೇಳಲು ನಾನು ಕುರಿಯನ್ನು ಕರೆತರುತ್ತೇನೆ. ನಾನು ಕುರಿ ಸಾಕುವ ಮನೆಯ ಮಗಳು. ತವರು ಔರಾದ ತಾಲೂಕಿನ ಎಕಂಬಾ. ಅಲ್ಲಿ ಅಪ್ಪ, ಅಣ್ಣ, ಅಣ್ಣನ ಹೆಂಡತಿ ವೈನಿ, ಮತ್ತೆ ಅರವತ್ತು ಚಿಲ್ಲರೆ ಕುರಿ. ಬೋರ್ಡಿನ ಮೇಲೆ ಒಂದು ಕುರಿ ಬರೆಯುತ್ತೇನೆ. ಅದು ಕುರಿಯ ಹಾಗೆ ಕಾಣುವುದಿಲ್ಲ, ಮಕ್ಕಳು ನಗುತ್ತಾರೆ, ನಗಲಿ ಎಂದೇ ಬರೆಯುವುದು. ಇದರ ಮೈಮೇಲೆ ಉಣ್ಣೆ ಈ ಹೊತ್ತು ಎಷ್ಟು ವೇಗದಲ್ಲಿ ಬೆಳೆಯುತ್ತಿದೆ ಎಂದು ಕೇಳಿದರೆ ಅದು ಡೆರಿವೇಟಿವ್. ಹೋದ ಸಲ ಕತ್ತರಿ ಆಡಿಸಿದ ದಿನದಿಂದ ಇವತ್ತಿನವರೆಗೆ ಒಟ್ಟು ಎಷ್ಟು ಬೆಳೆಯಿತು ಎಂದು ಕೇಳಿದರೆ ಅದು ಇಂಟಿಗ್ರಲ್. ಒಂದು ಈ ಗಳಿಗೆಯ ಪ್ರಶ್ನೆ, ಇನ್ನೊಂದು ಅಲ್ಲಿಂದ ಇಲ್ಲಿಯತನಕದ ಪ್ರಶ್ನೆ. ಕುರಿ ಒಂದೇ, ಉಣ್ಣೆಯೂ ಒಂದೇ. ಒಂದು ಪ್ರಶ್ನೆ ಕೇಳಿ ಇನ್ನೊಂದರ ಉತ್ತರ ಸಿಕ್ಕಿತು ಅಂದುಕೊಳ್ಳಬೇಡಿ ಎಂದು ಹೇಳಿ ಚಾಕ್‌ಪೀಸಿನ ಪುಡಿ ಝಾಡಿಸಿಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಕುರಿ.

ಆ ವರ್ಷ ದಸರಾ ರಜೆಗೆ ಎರಡು ವಾರ ಇರುವಾಗ ಈ ಪಾಠ ಮಾಡಿದೆ. ಮಧ್ಯಾಹ್ನದ ಕೊನೆಯ ಪೀರಿಯಡ್ಡು. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಕಮಲನಗರದ ಕಡೆಯವಳು, ಮನೆಯಲ್ಲಿ ಮರಾಠಿ ಮಾತು, ಕ್ಲಾಸಿನಲ್ಲಿ ಯೋಚಿಸಿ ಯೋಚಿಸಿ ಕನ್ನಡ ಆಡುತ್ತಿದ್ದಳು.

"ಮೇಡಮ್ರಿ, ಒಂದ್ ದಿನಕ್ಕ ಬೆಳದದ್ದು ಕಣ್ಣಿಗಿ ಕಾಣಲ್ಲ ಅಂದ್ರ ಅದು ಸೊನ್ನೆನೇ ಅಲ್ಲೇನ್ರಿ?"

ಒಳ್ಳೆಯ ಪ್ರಶ್ನೆ. ನನಗೆ ಬಸ್ಸಿನ ಅವಸರ ಇತ್ತು, ಆದರೂ ಉತ್ತರ ಸರಿಯಾಗಿಯೇ ಕೊಟ್ಟೆ. "ಕಾಣಲ್ಲ ಅಂದ್ರ ಸೊನ್ನೆ ಅಂತ ಯಾರ್ ಹೇಳ್ಯಾರ ನಿನಗ? ಕಾಣಲಾರದಷ್ಟು ಸಣ್ಣದು, ಅಷ್ಟೇ. ಸಣ್ಣದಕ್ಕ ಸೊನ್ನೆ ಅಂತ ಬರಕೊಂಡ್ರ ವರ್ಷಗಟ್ಟಲೆ ಕೂಡಸಿದ್ರೂ ಸೊನ್ನೆನೇ ಬರ್ತದ. ಹಂಗಾದ್ರ ಕುರಿ ಮೈಮ್ಯಾಲ ಉಣ್ಣಿ ಎಲ್ಲಿಂದ ಬಂತು?"

ಅವಳು ಬರೆದುಕೊಂಡಳು. ನಾನು ಕೈಚೀಲ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಕಿಟಕಿಯ ಸೀಟು ಸಿಕ್ಕಿತು. ಭಾಲ್ಕಿ ದಾಟುತ್ತಲೇ ದಿನದ ಹಾಗೆ ಅಪ್ಪನಿಗೆ ಫೋನ್ ಹಚ್ಚಿದೆ.

"ಅಪ್ಪಾ, ಕಣ್ಣು ಹ್ಯಾಂಗವ? ನಿನ್ನಿಗಿಂತ ಏನರ ಫರಕ್ ಅದೇನು?"

"ಏನ್ ಫರಕ್ ಇಲ್ಲ ಯವ್ವಾ. ನಿನ್ನಿ ಹ್ಯಾಂಗಿದ್ದವೋ ಇವತ್ತೂ ಹಂಗೇ ಅವ."

"ಚಲೋ ಆಯ್ತು," ಎಂದು ಫೋನ್ ಇಟ್ಟೆ. ಇಟ್ಟ ಮೇಲೆ ಸ್ವಲ್ಪ ನಿದ್ದೆಯೂ ಮಾಡಿದೆ.

ಇದು ಐದು ವರ್ಷದ ರೂಢಿ. ಅಷ್ಟು ವರ್ಷದ ಕೆಳಗೆ ಔರಾದದಲ್ಲಿ ಕಣ್ಣಿನ ಕ್ಯಾಂಪು ಆಗಿತ್ತು. ಅಣ್ಣ ಅಪ್ಪನನ್ನು ಮೋಟಾರ್‌ಸೈಕಲ್ ಮೇಲೆ ಕೂಡಿಸಿಕೊಂಡು ಹೋಗಿ ತೋರಿಸಿದ. ಪೊರೆ ಬಂದಿರಬೇಕು ಎಂದುಕೊಂಡು ಹೋದವರಿಗೆ ಅಲ್ಲಿಯ ಡಾಕ್ಟರು, ಪೊರೆ ಅಲ್ಲ, ಕಣ್ಣಿನೊಳಗೆ ಒತ್ತಡ ಹೆಚ್ಚಿದೆ, ನೋವಿರುವುದಿಲ್ಲ, ನಿಧಾನಕ್ಕೆ ಕಣ್ಣು ತಿನ್ನುತ್ತದೆ ಎಂದು ಹೇಳಿ ಒಂದು ಚೀಟಿ, ಒಂದು ಹನಿಯ ಶೀಶೆ ಕೊಟ್ಟರು. ದಿನಾ ಎರಡು ಹೊತ್ತು ಹಾಕಬೇಕು, ಬೀದರಕ್ಕೆ ಹೋಗಿ ಮೂರು ತಿಂಗಳಿಗೊಮ್ಮೆ ತೋರಿಸಬೇಕು ಎಂದರು. ಅಣ್ಣ ಅದನ್ನೆಲ್ಲ ಫೋನಿನಲ್ಲಿ ನನಗೆ ಒಪ್ಪಿಸಿದ. ಓದಿದವಳು ನಾನು, ಬೀದರದಲ್ಲಿ ಇರುವವಳೂ ನಾನು. ನನ್ನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಎರಡು ಕಣ್ಣಿನ ದವಾಖಾನೆ ಇವೆ.

ಕರೆದುಕೊಂಡು ಹೋಗಲಿಲ್ಲ. ಯಾಕೆ ಎಂದರೆ ಹೇಳಿಕೊಳ್ಳುವಂಥ ಕಾರಣ ಒಂದೂ ಇಲ್ಲ. ಒಮ್ಮೆ ಪರೀಕ್ಷೆಯ ಡ್ಯೂಟಿ, ಒಮ್ಮೆ ಕುರಿ ಈಯುವ ಕಾಲ, ಒಮ್ಮೆ ಮಳೆ. ಬದಲಿಗೆ ದಿನಾ ಫೋನ್ ಮಾಡಿ ಕೇಳಿದೆ. ದಿನಾ ಕೇಳುವ ಮಗಳು ಎಂದು ಊರಲ್ಲಿ ನನಗೆ ಹೆಸರೂ ಬಂತು. ಅಪ್ಪ ಒಂದು ವರ್ಷ ತಪ್ಪದೆ ಹನಿ ಹಾಕಿಸಿಕೊಂಡ. ಆಮೇಲೆ ಒಂದು ಸಂಜೆ ಫೋನಿನಲ್ಲಿ ಅವನೇ ಕೇಳಿದ.

"ಫರಕೇ ಇಲ್ಲ ಅಂದ ಮ್ಯಾಲ ಈ ಔಷಧ ಯಾಕ ಹಾಕೋದು? ಹಾಕಿದ್ರ ಕಣ್ಣ ಉರಿತಾವ."

ಬಸ್ಸಿನಲ್ಲಿ ಗದ್ದಲ ಇತ್ತು. ಕಂಡಕ್ಟರ್ ಚಿಲ್ಲರೆ ಕೇಳುತ್ತಿದ್ದ. "ಹಂಗಾದ್ರ ಬಿಡು ಸದ್ಯಕ್ಕ. ಮುಂದ ನೋಡೋಣು," ಎಂದೆ. ಈ ಮಾತು ಆಡಿದ್ದು ನಾನೇ. ಅಣ್ಣ ಅಲ್ಲ, ವೈನಿ ಅಲ್ಲ, ಅಪ್ಪನೂ ಅಲ್ಲ. ಆ ಮೇಲೆ ನಾಲ್ಕು ವರ್ಷ ಹನಿ ಇಲ್ಲದೆ, ದಿನಾ ಫರಕ್ ಇಲ್ಲ ಎನ್ನುವ ಉತ್ತರ ಕೇಳುತ್ತಾ ನಾನು ಭಾಲ್ಕಿಯಿಂದ ಬೀದರಕ್ಕೆ ಓಡಾಡಿದೆ.

ಮನೆಯಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಅಪ್ಪ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಾರೀಖು ಓದುತ್ತಿದ್ದ. ದೂರದ ಗುಡ್ಡದ ಮೇಲೆ ಯಾರ ಎತ್ತು ಮೇಯುತ್ತಿವೆ ಎಂದು ಹೇಳುತ್ತಿದ್ದ. ನಮಗೆ ಎಲ್ಲಕ್ಕಿಂತ ದೊಡ್ಡ ಭರವಸೆ ಕುರಿಯದು. ಸಂಜೆ ಕುರಿ ದೊಡ್ಡಿಗೆ ಬರುವಾಗ ಎಣಿಸುವವನು ಅವನೇ. ಒಂದು ದಿನವೂ ಲೆಕ್ಕ ತಪ್ಪಲಿಲ್ಲ. ಒಂದು ಕುರಿ ಹಿಂದೆ ಉಳಿದಿದ್ದರೂ ಅಣ್ಣನನ್ನು ಹಾಗೆಯೇ ಹೊಲಕ್ಕೆ ಹೊಳ್ಳಿಸಿ ಕಳಿಸುತ್ತಿದ್ದ. ಅರವತ್ತೆರಡು ಕುರಿ ಎಣಿಸುವವನ ಕಣ್ಣಿಗೆ ಏನಾಗಿದೆ ಎಂದು ಅಣ್ಣನೇ ಕೇಳುತ್ತಿದ್ದ. ಸರಿಯೇ ಅನ್ನಿಸುತ್ತಿತ್ತು.

ಇಲ್ಲಿ ನಮ್ಮ ಮನೆಯ ಪದ್ಧತಿ ಹೇಳಬೇಕು. ನಮ್ಮಲ್ಲಿ ಕುರಿಯನ್ನು ಕಣ್ಣಿನಿಂದ ಎಣಿಸುವುದಿಲ್ಲ. ಒಡೆಯ ತನ್ನ ಕುರಿಯನ್ನು ನೋಡಿ ನೋಡಿ ಎಣಿಸಿದರೆ ಅವನ ದೃಷ್ಟಿಯೇ ಅವಕ್ಕೆ ತಾಗುತ್ತದೆ ಎಂದು ನಂಬಿಕೆ. ಅಪ್ಪನ ಅಪ್ಪ ನೋಡದೆಯೇ ಎಣಿಸುತ್ತಿದ್ದ, ಅಪ್ಪನೂ ಹಾಗೆ ಮಾಡುತ್ತಾನೆ. ದೊಡ್ಡಿಯ ಬಾಗಿಲು ಒಂದು ಕುರಿ ನುಗ್ಗುವಷ್ಟೇ ಅಗಲ. ಪಕ್ಕದ ಕಲ್ಲಿನ ಮೇಲೆ ಕೂತು ಬಲಗೈ ಬಾಗಿಲಿಗೆ ಅಡ್ಡ ಚಾಚುತ್ತಾನೆ. ಮುಖ ಮಾತ್ರ ಎದುರಿನ ಹೊಲದ ಕಡೆ. ಒಂದೊಂದೇ ಕುರಿ ಕೈಕೆಳಗಿಂದ ಹಾಯ್ದು ಹೋಗುತ್ತದೆ, ಅಂಗೈ ಅದರ ಬೆನ್ನಿಗೆ ತಾಗುತ್ತದೆ, ಎಡಗೈಯ ಹೆಬ್ಬೆರಳು ಒಂದು ಗೆಣ್ಣಿನಿಂದ ಮುಂದಿನ ಗೆಣ್ಣಿಗೆ ಸರಿಯುತ್ತದೆ. ಬಾಯಿಬಿಟ್ಟು ಲೆಕ್ಕ ಹೇಳುವುದಿಲ್ಲ. ಎಲ್ಲ ಒಳಗೆ ಹೋದ ಮೇಲೆ "ಬರೋಬರಿ ಅದ" ಎನ್ನುತ್ತಾನೆ ಇಲ್ಲವೆ "ಒಂದ್ ಇಲ್ಲ" ಎನ್ನುತ್ತಾನೆ. ಈ ಲೆಕ್ಕಕ್ಕೆ ಕಣ್ಣು ಬೇಕಾಗಿಲ್ಲ ಎನ್ನುವುದು ಹುಟ್ಟಿದಾಗಿನಿಂದ ಅದನ್ನು ನೋಡಿದ ನಮ್ಮಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಗಣಿತದವಳ ತಲೆಗೂ ಹೊಳೆದಿರಲಿಲ್ಲ.

ದಸರಾ ರಜೆಗೆ ಎಕಂಬಾಕ್ಕೆ ಹೋದೆ. ವೈನಿ ರೊಟ್ಟಿ ಬಡಿಯುತ್ತಾ ಒಂದಿಷ್ಟು ದೂರು ಹೇಳಿದಳು. ಮಾವನಿಗೆ ಈಚೆಗೆ ಸಿಟ್ಟು ಬಹಳ, ತಾಟಿಗೆ ಪಲ್ಯ ಹಾಕಿದ್ದರೂ ಹಾಕಿಲ್ಲ ಎಂದು ಬೈಯುತ್ತಾರೆ, ನೀರಿನ ತಂಬಿಗೆ ಒದೆಯುತ್ತಾರೆ. ವಯಸ್ಸಾದ ಮೇಲೆ ಹಾಗೇ ಎಂದು ನಾನು ದೊಡ್ಡವಳ ಹಾಗೆ ಸಮಾಧಾನ ಹೇಳಿದೆ. ರೊಟ್ಟಿ ಬಿಸಿ ಇತ್ತು, ಎರಡು ತಿಂದೆ.

ಮೂರನೇ ದಿನ ಸಂಜೆ ಜಿನುಗು ಮಳೆ. ಹಗಲು ಇನ್ನೂ ಇತ್ತು, ಎದುರಿನ ಹೊಲದ ತೊಗರಿ ಗಿಡ ಗಿಡವಾಗಿ ಕಾಣುತ್ತಿತ್ತು. ಅಣ್ಣ ಕುರಿ ಹೊಡೆದುಕೊಂಡು ಬಂದ. ಎರಡು ತಿಂಗಳ ಮರಿಯೊಂದು ಕಾಲು ಕುಂಟುತ್ತಾ ಹಿಂದೆ ಉಳಿದಿತ್ತು. ನಾನು ತಲೆಯ ಮೇಲೆ ಅಣ್ಣನ ಕಂಬಳಿಯ ಕೊಪ್ಪೆ ಹಾಕಿಕೊಂಡು ಹೋಗಿ ಮರಿ ಎತ್ತಿಕೊಂಡೆ. ಮಳೆ ತಾಗದಿರಲಿ ಎಂದು ಕಂಬಳಿಯೊಳಗೆ ಅವುಚಿಕೊಂಡೆ. ದೊಡ್ಡಿಗೆ ಬರುವ ಹೊತ್ತಿಗೆ ಎಣಿಕೆ ನಡೆದಿತ್ತು. ಅಪ್ಪ ಕಲ್ಲಿನ ಮೇಲೆ ಕೂತಿದ್ದ. ಬಾಗಿಲ ಮೇಲಿನ ಅಡ್ಡಗಟ್ಟಿಗೆ ತಗ್ಗಿನಲ್ಲಿದೆ, ಬಗ್ಗಿಯೇ ನುಗ್ಗಬೇಕು. ಕುರಿಗಳ ನಡುವೆ ಬಗ್ಗಿಕೊಂಡು ನಾನೂ ನುಗ್ಗಿದೆ.

ಅಪ್ಪನ ಅಂಗೈ ನನ್ನ ಬೆನ್ನಿನ ಮೇಲೆ ಬಿತ್ತು. ಕುರಿಗಳಿಗೆ ಬೀಳುವ ಹಾಗೆಯೇ, ಅಷ್ಟೇ ಭಾರ. ಓರೆಯಲ್ಲಿ ನೋಡಿದೆ. ಎಡಗೈಯ ಹೆಬ್ಬೆರಳು ಒಂದು ಗೆಣ್ಣು ಮುಂದೆ ಸರಿಯಿತು. ನಾನು ಒಳಗೆ ಹೋದೆ. ನನ್ನ ಹಿಂದಿನ ಕುರಿಯ ಬೆನ್ನ ಮೇಲೆ ಕೈ ಬಿತ್ತು, ಹೆಬ್ಬೆರಳು ಮತ್ತೆ ಸರಿಯಿತು.

ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡೆ. ನಾವು ಸಣ್ಣವರಿದ್ದಾಗ ಹೀಗೆ ಕುರಿಯೊಳಗೆ ಸೇರಿ ನುಗ್ಗಿದರೆ ಕಿವಿ ಹಿಂಡುತ್ತಿದ್ದ. ಒಳಗೆ ನಿಂತು, ಈಗ ನಗುತ್ತಾನೆ, ಈಗ ತಿರುಗುತ್ತಾನೆ ಎಂದು ಕಾದೆ. ಕೊನೆಯ ಕುರಿ ಹೋಯಿತು.

"ಬರೋಬರಿ ಅದ," ಎಂದು ಎದ್ದ.

ಮರಿ ನನ್ನ ಕಂಬಳಿಯೊಳಗಿತ್ತು. ಅದರ ಬೆನ್ನು ಅವನ ಕೈಗೆ ಸಿಕ್ಕಿರಲಿಲ್ಲ. ಅದರ ಲೆಕ್ಕಕ್ಕೆ ನಾನು ಹೋಗಿದ್ದೆ. ಒಟ್ಟು ಅರವತ್ತೆರಡು ಸರಿಯಾಗಿತ್ತು, ಅಣ್ಣ ಬಾಗಿಲು ಹಾಕಿದ, ಯಾರಿಗೂ ಏನೂ ಗೊತ್ತಾಗಲಿಲ್ಲ. ನಾನು ಮರಿಯನ್ನು ಇಳಿಸಿ ಅದರ ತಾಯಿಯ ಹತ್ತಿರ ಬಿಟ್ಟೆ. ಆಗ ನನಗೆ ಭಯ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೈಕಾಲು ತಣ್ಣಗಿದ್ದವು, ಅದು ಮಳೆಗೆ.

ಊಟಕ್ಕೆ ಕೂತಾಗ ಕೇಳಿದೆ. "ಅಪ್ಪಾ, ನನಗೂ ಎಣಿಸಿದಿಯಲ್ಲ ಇವತ್ತ."

ಅಣ್ಣ, ವೈನಿ ನಕ್ಕರು. "ಕುರಿಯೊಳಗ ಕುರಿ," ಎಂದ ಅಣ್ಣ. ಅಪ್ಪ ನಗಲಿಲ್ಲ. ತುತ್ತು ಹಿಡಿದ ಕೈ ತಾಟಿನ ಮೇಲೇ ನಿಂತಿತ್ತು.

"ನೀ ಯಾವಾಗ ದೊಡ್ಡಿಗಿ ಬಂದಿದ್ದಿ?" ಎಂದ.

ಎಲ್ಲರೂ ನಗುವಾಗ ಅವನೂ ಕೊನೆಗೆ ನಕ್ಕ, ಎಲ್ಲರಿಗಿಂತ ತಡವಾಗಿ. ನಾನು ಊಟ ಮುಗಿಸಿ ತಾಟು ತೊಳೆದಿಟ್ಟೆ.

ಮರುದಿನ ಬೆಳಗ್ಗೆ ಬಿಸಿಲು ಬಿದ್ದಿತ್ತು. ಅಂಗಳದ ಹೊರಸಿನ ಮೇಲೆ ಅಪ್ಪನ ಎಡಕ್ಕೆ, ಯಾವಾಗಲೂ ಕೂಡುವ ಜಾಗದಲ್ಲಿ ಕೂತೆ. ಕ್ಯಾಲೆಂಡರಿನ ತಾರೀಖು ಕೇಳಿದೆ, ಸರಿ ಹೇಳಿದ. ಹಾಗೇ ನೇರ ನೋಡುತ್ತಿರು ಎಂದು ಹೇಳಿ ನನ್ನ ಬಲಗೈಯನ್ನು ಅವನ ಕಿವಿಯ ಹತ್ತಿರ ಎತ್ತಿದೆ. ಬೆರಳು ಆಡಿಸಿದೆ. ನಿಧಾನಕ್ಕೆ ಮುಂದೆ ತಂದೆ. ಕೆನ್ನೆ ದಾಟಿತು, ಕಣ್ಣಿನ ಮೂಲೆ ದಾಟಿತು. ಮೂಗಿನ ಎದುರಿಗೆ ಬಂದಾಗ ರೆಪ್ಪೆ ಬಡಿದು, "ಏನ್ ಮಾಡ್ಲತ್ತಿ ನೀ?" ಎಂದ. ಬಲಗಡೆಯೂ ಹಾಗೇ ಮಾಡಿದೆ. ಅಲ್ಲಿ ಸ್ವಲ್ಪ ಮೊದಲು ಕಂಡಿತು. ಕೆಳಗಿನಿಂದ ತಂದರೆ ಗಲ್ಲದ ತನಕ ಏನೂ ಇಲ್ಲ.

ಅಣ್ಣ ದೊಡ್ಡಿಯ ಹತ್ತಿರ ನಿಂತು ನೋಡುತ್ತಿದ್ದ. ಒಳಗೆ ಹೋಗಿ ಅಪ್ಪನ ಹೊಸ ಧೋತರ ತಂದು ಹೊರಸಿನ ಮೇಲೆ ಇಟ್ಟ.

ಬೀದರಕ್ಕೆ ಕರೆತಂದೆ. ಬಸ್ಸು ಇಳಿಯುವಾಗ ಅಪ್ಪ ಪಾದದಿಂದ ಮೆಟ್ಟಿಲು ತಡಕಿ ತಡಕಿ ಇಳಿದ. ಎಷ್ಟೋ ಸಲ ನನ್ನ ಎದುರಿಗೇ ಹೀಗೆ ಇಳಿದಿರಬೇಕು. ಮೊಣಕಾಲು ನೋವು ಎಂದುಕೊಂಡಿದ್ದೆ.

ದವಾಖಾನೆಯಲ್ಲಿ ಒಂದು ಯಂತ್ರ ಇತ್ತು. ದೊಡ್ಡ ಬಿಳಿ ಬೋಗುಣಿಯೊಳಗೆ ಮುಖ ಇಟ್ಟು ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಒಂದು ಕಣ್ಣು ಆದ ಮೇಲೆ ಇನ್ನೊಂದು. ಅಪ್ಪನಿಗೆ ಎರಡು ಸಲ ಹೇಳಿಕೊಟ್ಟರು. ನಾನು ಪಕ್ಕದಲ್ಲಿ ನಿಂತಿದ್ದೆ. ಯಾವ ಜಾಗದಲ್ಲಿ ಬೆಳಕು ಬರುತ್ತಿದೆ ಎಂದು ಈ ಕಡೆಯ ಪರದೆಯಲ್ಲಿ ಕಾಣುತ್ತಿತ್ತು. ಎಡದ ಅಂಚಿನಲ್ಲಿ ಬಂದಿತು, ಹೋಯಿತು. ಅಪ್ಪನ ಹೆಬ್ಬೆರಳು ಅಲುಗಲಿಲ್ಲ. ಮೇಲೆ ಬಂದಿತು, ಹೋಯಿತು. ಕೆಳಗೆ ಬಂದಿತು, ಹೋಯಿತು. ಬಹಳ ಹೊತ್ತಿನ ಮೇಲೆ ನಡುವೆ ಒಂದು ಬಂದಾಗ ಗುಂಡಿ ಒತ್ತಿದ. ಕುರಿ ಬಾರದಿದ್ದರೂ ಕೈ ಚಾಚಿಕೊಂಡು ಕೂತವನ ಹಾಗೆ ಕೂತಿದ್ದ. ನಾನು ನೋಡುತ್ತಾ ನಿಂತೆ. ಅಳು ಬರಲಿಲ್ಲ. ಯಂತ್ರದ ಮೇಲೆ ಧೂಳು ಒರೆಸುವ ಬಟ್ಟೆ ಮಡಚಿ ಇಟ್ಟಿದ್ದರು, ಅದರ ಅಂಚಿನ ಹೊಲಿಗೆ ಬಿಚ್ಚಿತ್ತು ಎನ್ನುವುದು ಇವತ್ತಿಗೂ ನೆನಪಿದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಿಪೋರ್ಟನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿ ಇಟ್ಟರು. ಎರಡು ವೃತ್ತ. ಎಡಗಣ್ಣಿನದು ಪೂರಾ ಕಪ್ಪು, ನಡುವೆ ಒಂದು ಸಣ್ಣ ಬಿಳಿ. ಬಲಗಣ್ಣಿನ ಬಿಳಿ ಇನ್ನು ಸ್ವಲ್ಪ ದೊಡ್ಡದು.

"ನೀವ್ ಏನ್ ಮಾಡ್ತೀರಿ?" ಎಂದು ಕೇಳಿದರು.

"ಗಣಿತ ಲೆಕ್ಚರರ್ ಅದೀನ್ರಿ."

"ಹಂಗಾದ್ರ ನಿಮಗ ತಿಳಿಸಿ ಹೇಳೋದು ಸುಲಭ ಆಯ್ತು," ಎಂದರು. ವ್ಯಂಗ್ಯ ಇರಲಿಲ್ಲ, ಪಾಪ. "ಈ ಕಪ್ಪು ಇದೆಯಲ್ಲರಿ, ಇದು ಇಲ್ಲಿತನಕ ಒಟ್ಟು ಹೋಗಿದ್ದು. ಹೋಗಿದ್ದು ಬರಲ್ಲ. ಈಗ ಯಾವ ಸ್ಪೀಡಿನ್ಯಾಗ ಹೋಗ್ಲತ್ತದ ಅಂತ ಈ ಒಂದ್ ರಿಪೋರ್ಟಿಂದ ನನಗ ಗೊತ್ತಾಗಲ್ರಿ. ಅದಕ್ಕ ಹಳೇದು ಬೇಕು. ಹಳೇ ರಿಪೋರ್ಟ್ ಏನರ ಅವೇನ್ರಿ?"

ಕ್ಯಾಂಪಿನ ಚೀಟಿ ಎಂದೋ ಕಳೆದಿತ್ತು. ಇಲ್ಲ ಎಂದೆ.

"ಮಧ್ಯದಾಗ ಎಲ್ಲೂ ತೋರಿಸಿಲ್ಲೇನ್ರಿ?"

"ದಿನಾ ಫೋನಿನ್ಯಾಗ ಕೇಳ್ತಿದ್ದೆನ್ರಿ," ಎಂದೆ. ಹೇಳಿದ ಮೇಲೆ ಅದು ಎಂಥ ಮಾತು ಎಂದು ನನಗೇ ಕೇಳಿಸಿತು. ಡಾಕ್ಟರು ಹನಿಯ ಹೆಸರು ಬರೆದರು. ಒಂದು ಹೊತ್ತೂ ಬಿಡಬಾರದು, ಉಳಿದದ್ದನ್ನು ಉಳಿಸಿಕೊಳ್ಳಬಹುದು, ಎಷ್ಟು ದಿನ ಉಳಿಯುತ್ತದೆ ಎಂದು ಮೂರು ತಿಂಗಳ ಮೇಲೆ ಇನ್ನೊಮ್ಮೆ ಅಳೆದರೆ ಹೇಳಬಹುದು ಎಂದರು.

ಅವರ ಹತ್ತಿರ ಒಟ್ಟು ಇತ್ತು, ವೇಗ ಇರಲಿಲ್ಲ. ನನ್ನ ಹತ್ತಿರ ಸಾವಿರಕ್ಕೂ ಮಿಕ್ಕಿದ ದಿನಗಳ ವೇಗ ಇತ್ತು, ಒಂದೊಂದು ದಿನದ್ದೂ ಸೊನ್ನೆ ಎಂದು ಬರೆದುಕೊಂಡದ್ದು. ಮೂರನೇ ಬೆಂಚಿನ ಆ ಹುಡುಗಿಗೆ ಹೇಳಿದ್ದು ಸರಿಯಾಗಿಯೇ ಇತ್ತು. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ, ಪರೀಕ್ಷೆಯಲ್ಲಿ ಬಂದರೆ ಉತ್ತರಿಸುತ್ತಾಳೆ. ನನಗೆ ನನ್ನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಚೀಟಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡೆ.

ಔಷಧ ಕೊಡುವ ಕಿಟಕಿಯ ಮುಂದೆ ಗದ್ದಲ ಇತ್ತು. ನಮ್ಮ ಹೆಸರು ಕರೆಯುವವರೆಗೆ ಹೊರಗಿನ ಬೆಂಚಿನ ಮೇಲೆ ಅಪ್ಪನ ಪಕ್ಕದಲ್ಲಿ ಕೂತೆ. ಒಳಗೆ ಡಾಕ್ಟರು ಹೇಳಿದ್ದನ್ನೆಲ್ಲ ಅವನೂ ಕೇಳಿದ್ದ. ಎದುರಿನ ರಸ್ತೆಯಲ್ಲಿ ಆಟೋಗಳು ಹೋಗುತ್ತಿದ್ದವು. ಅವನು ಒಂದರ ಹಿಂದೆ ಒಂದನ್ನು ನೋಡುತ್ತಿದ್ದ, ತಲೆಯನ್ನೂ ಅದರ ಜೊತೆಗೇ ತಿರುಗಿಸುತ್ತಾ.

"ನೀ ಯಾಕ ಹೇಳಲಿಲ್ಲಪ್ಪಾ?" ಎಂದೆ. "ದಿನಾ ಕೇಳ್ತಿದ್ನಲ್ಲ."

"ನೀ ಕೇಳ್ತಿದ್ದದ್ದು ನಿನ್ನಿದು," ಎಂದ. "ನಿನ್ನಿಗೂ ಇವತ್ತಿಗೂ ಖರೇನೇ ಫರಕ್ ಇರ್ತಿದ್ದಿಲ್ಲ. ನಾ ಒಂದ್ ದಿನನೂ ಸುಳ್ಳ ಹೇಳಿಲ್ಲ ನಿನಗ."

"ಮೊದಲಿಂದ ಹ್ಯಾಂಗಿತ್ತು, ಈಗ ಹ್ಯಾಂಗದ ಅಂತ ಹೇಳಬೇಕಿಲ್ಲೇನು?"

"ನೀ ಕೇಳಿದ್ರ ಹೇಳ್ತಿದ್ದೆ."

ಅವನ ದನಿಯಲ್ಲಿ ಆಕ್ಷೇಪ ಇರಲಿಲ್ಲ. ಕುರಿಗೆ ರೋಗ ಬಂದದ್ದನ್ನು ಹೇಳುವಾಗ ಇರುವ ದನಿ ಅದು. ಕೇಳದಿದ್ದರೂ ಮುಂದೆ ಹೇಳಿದ.

"ಮೊದಲ ತಾಟಿನ್ಯಾಗ ಎಡಕಿನ ಪಲ್ಯ ಹೋಯ್ತು. ನಿಮ್ಮ ವೈನಿ ಹಾಕಿಲ್ಲಂತ ಅಕಿಗಿ ಬೈತಿದ್ದೆ. ಆಮ್ಯಾಲ ಹೊಸ್ತಿಲ ಹೋಯ್ತು, ಎಡವಲಾಕ ಹತ್ತಿದೆ. ಆಮ್ಯಾಲ ಕೆಳಗಿಂದೆಲ್ಲ ಹೋಯ್ತು. ಕುರಿ ಮುಖ ನೋಡಬೇಕಂದ್ರ ಕೂತು ನೋಡಬೇಕು. ಕೈಗಿ ಗೊತ್ತಿತ್ತು, ನಡಿತಿತ್ತು. ಬಾಜೂಕ ಕುಂತವರು ಹೋಗಿ ಎರಡ್ ವರ್ಷ ಆಗ್ಯಾದ."

"ನಾ ಬಂದಾಗ?"

"ನೀ ಯಾವಾಗನೂ ಬಾಜೂಕೇ ಕೂಡ್ತಿ. ಮಾತ್ ಕೇಳ್ತದ. ನೀ ಬಂದಿ ಅಂತ ಗೊತ್ತಾಗ್ತದ."

ನಮ್ಮಲ್ಲಿ ಹೆಣ್ಣುಮಕ್ಕಳು ಅಪ್ಪನ ಎದುರಿಗೆ ಮುಖಕ್ಕೆ ಮುಖ ಕೊಟ್ಟು ಕೂಡುವ ರೂಢಿ ಇಲ್ಲ. ಹೊರಸಿನ ಒಂದು ತುದಿಗೆ, ಪಕ್ಕದಲ್ಲಿ ಕೂಡುತ್ತೇವೆ. ಇಬ್ಬರೂ ಅಂಗಳ ನೋಡುತ್ತಾ ಮಾತಾಡುತ್ತೇವೆ. ಬಂದಾಗ ಒಂದು ಸಲ ಕಾಲಿಗೆ ಬೀಳುತ್ತೇನೆ, ಹೋಗುವಾಗ ಒಂದು ಸಲ. ಎರಡೂ ಹೊತ್ತು ಅವನಿಗೆ ಕಾಣದ ಜಾಗದಲ್ಲೇ ಇದ್ದೆ.

ಎದ್ದೆ. ಎದುರಿನ ಬೆಂಚಿನ ಮೇಲೆ ಇಬ್ಬರು ಕೂತಿದ್ದರು, ಸ್ವಲ್ಪ ಸರಿಯಿರಿ ಎಂದು ಕೇಳಿ ಜಾಗ ಮಾಡಿಕೊಂಡು ಅಪ್ಪನಿಗೆ ಮುಖ ಮಾಡಿ ಕೂತೆ. ನಾನು ಎದ್ದು ಹೋದ ಸಪ್ಪಳ ಹಿಡಿದು ಅವನು ತಲೆ ತಿರುಗಿಸಿದ. ಅವನ ನೋಟ ಮೊದಲು ನನ್ನ ಪಕ್ಕದವರ ಮುಖಕ್ಕೆ ಹೋಯಿತು, ಅಲ್ಲಿಂದ ನನ್ನ ಹೆಗಲಿಗೆ ಬಂತು, ಆಮೇಲೆ ಮೇಲೆ. ಸಿಕ್ಕಿತು ಎನ್ನುವ ಹಾಗೆ ತಲೆ ನಿಲ್ಲಿಸಿದ. ನನ್ನ ಮುಖ ಆ ಬಿಳಿಯ ತೂತಿನೊಳಗೆ ಹಿಡಿಸಲಿ ಎಂದು ನಾನು ಉಸಿರೂ ಆಡದೆ ಕೂತೆ.

"ತಲಿ ಪೂರಾ ಬೆಳ್ಳಗ ಆಗ್ಯಾದಲ್ಲ ಯವ್ವಾ," ಎಂದ. "ಯಾವಾಗ ಆಯ್ತು?"

ದಿನಾ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡೇ ಕಾಲೇಜಿಗೆ ಹೋಗುವವಳು ನಾನು.

"ಗೊತ್ತಿಲ್ಲಪ್ಪಾ," ಎಂದೆ.